ಮೊದಲು ಬ್ರೇಕ್, ಆಮೇಲೆ ಗೇರ್



ಹೋಟೆಲಿನಲ್ಲಿ ತಟ್ಟೆ ಎತ್ತುವ ನಮ್ಮ ಹುಡುಗರಲ್ಲಿ ಹಲವರು ಟೆಂಪೊ, ಟ್ಯಾಕ್ಸಿ ನಡೆಸಲು ಕಲಿಯುತ್ತಿದ್ದಾರೆ. ಸಂತೋಷದ ವಿಷಯ. 1982ರ ಮುಷ್ಕರದ ತರುವಾಯ ಮುಂಬಯಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಸ್ಟೀರಿಂಗ್ ಹಿಡಿದು ಸಂಸಾರ ಸಾಗಿಸಿದವರು ನಮ್ಮಲ್ಲೂ ಇದ್ದಾರೆ. ಆದರೆ ಪಕ್ಕದಲ್ಲಿ ಕುಳಿತ ಅಣ್ಣಂದಿರು ಕೊಡುವ ಪಾಠವೇನು? "ಗೇರ್ ಹಾಕೋ, ಕತ್ತೆ!" ಇಷ್ಟೇ. ಯಾವಾಗ, ಏಕೆ ಎಂಬುದಿಲ್ಲ.

ಗೇರ್ ಏರಿಸುವುದು ಸುಲಭ. ಇಂಜಿನ್ನೇ ಕೂಗಿ ಹೇಳುತ್ತದೆ. ಕಷ್ಟವಿರುವುದು ಇಳಿಸುವುದರಲ್ಲಿ. ಸಿಗ್ನಲ್ ಕಂಡೊಡನೆ ಹೊಸಬನು ಗಾಬರಿಯಿಂದ ಮೊದಲು ಕ್ಲಚ್ ತುಳಿಯುತ್ತಾನೆ. ಇಂಜಿನ್ನಿಗೂ ಚಕ್ರಕ್ಕೂ ಇದ್ದ ನಂಟು ಕಡಿದು ಗಾಡಿ ತೇಲಿದಂತೆ ಮುಂದೋಡುತ್ತದೆ. ಇಲ್ಲವೇ ವೇಗ ಇಳಿಯುವ ಮುನ್ನವೇ ಎರಡನೆಯ ಗೇರ್ ಹಾಕಿ ಕ್ಲಚ್ ಬಿಡುತ್ತಾನೆ; ಗಾಡಿ ಮುಗ್ಗರಿಸುತ್ತದೆ.

ದೋಸೆಯ ಕಾವಲಿ ಅತಿಯಾಗಿ ಕಾದರೆ ನಾವೇನು ಮಾಡುತ್ತೇವೆ? ಮೊದಲು ನೀರು ಚಿಮುಕಿಸಿ ಕಾವು ಇಳಿಸಿ, ಆಮೇಲೆ ಹಿಟ್ಟು ಹುಯ್ಯುತ್ತೇವೆ. ಇಲ್ಲಿಯೂ ಅದೇ ಕ್ರಮ. ಆಕ್ಸಿಲರೇಟರ್ ಬಿಡಬೇಕು, ಬ್ರೇಕಿನಿಂದ ವೇಗ ತಗ್ಗಿಸಬೇಕು, ತಗ್ಗಿದ ವೇಗಕ್ಕೆ ತಕ್ಕ ಗೇರ್ ಹಾಕಿ ಕ್ಲಚ್ಚನ್ನು ಮೆಲ್ಲನೆ ಬಿಡಬೇಕು. ತಿರುವಿದ್ದರೆ ಈ ಕೆಲಸ ತಿರುವಿಗೆ ಮೊದಲೇ ಮುಗಿಯಬೇಕು. ಪೂರ್ತಿ ನಿಲ್ಲುವುದಾದರೆ ಪ್ರತಿಯೊಂದು ಗೇರನ್ನೂ ಇಳಿಸುತ್ತ ಬರಬೇಕಾಗಿಲ್ಲ. ಬ್ರೇಕ್ ಹಿಡಿದು, ಇಂಜಿನ್ ನಡುಗುವ ಮುನ್ನ ಕ್ಲಚ್ ತುಳಿದರೆ ಸಾಕು.

ಘಟ್ಟದ ಮಾತು ಬೇರೆ. ಖಂಡಾಳದ ಘಟ್ಟವಿರಲಿ, ನಮ್ಮೂರಿನ ಆಗುಂಬೆಯಿರಲಿ, ಇಳಿಜಾರು ಆರಂಭವಾಗುವ ಮುನ್ನವೇ ಕೆಳಗಿನ ಗೇರ್ ಹಾಕಬೇಕು. ಪೆಟ್ರೋಲ್ ಉಳಿಸುವ ಆಸೆಯಿಂದ ನ್ಯೂಟ್ರಲಿನಲ್ಲಿ ಬಿಟ್ಟರೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ; ಬ್ರೇಕ್ ಕಾದು ಹಿಡಿತ ತಪ್ಪುತ್ತದೆ. ಉಳಿಸಿದ ನಾಲ್ಕು ಕಾಸಿಗೆ ಪ್ರಾಣವೇ ಬೆಲೆ.

ಇಂದು ಈ ಪಾಠ ಇನ್ನೂ ಅಗತ್ಯವಾಗಿದೆ. ಹಗುರ ವಾಹನದ ಲೈಸೆನ್ಸ್ ಉಳ್ಳವನು ಒಟ್ಟು ತೂಕ 7,500 ಕಿಲೋ ಮೀರದ ಸಾಗಣೆ ವಾಹನವನ್ನೂ ನಡೆಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಅನ್ನದ ದಾರಿ ತೆರೆಯಿತು, ನಿಜ. ಆದರೆ ಸಣ್ಣ ಕಾರಿನಲ್ಲಿ ಅರೆಬರೆ ಕಲಿತ ಹುಡುಗನ ಕೈಗೆ ನಾಳೆ ತುಂಬಿದ ಟೆಂಪೊ ಬರುತ್ತದೆ. ಅದು ಕಾರಿನಂತೆ ಥಟ್ಟನೆ ನಿಲ್ಲುವುದಿಲ್ಲ. ಅಪಘಾತವಾದರೆ ಹಾದಿಹೋಕನ ಜೀವ ಹೋದೀತು, ಹುಡುಗ ಜೈಲು ಸೇರಿಯಾನು, ಊರಿನಲ್ಲಿ ಮನಿಯಾರ್ಡರಿನ ದಾರಿ ಕಾಯುವ ತಾಯಿ ಉಪವಾಸ ಬಿದ್ದಾಳು.

ನಾವೂ ಹೋಟೆಲಿನಲ್ಲಿ ಬೈಸಿಕೊಂಡು ಕೆಲಸ ಕಲಿತವರೇ. ಬೈದ ದಿನವೇ ಕೈಯಿಂದ ಕಪ್ಪು ಜಾರುತ್ತಿತ್ತು. ಅದರ ಬೆಲೆ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಆ ವಿದ್ಯೆಯನ್ನು ನಮ್ಮ ತಮ್ಮಂದಿರಿಗೆ ದಾಟಿಸುವುದು ಬೇಡ.

ಲೈಸೆನ್ಸ್ ಉಳ್ಳ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ: ರಜೆಯ ದಿನ ಒಂದು ಗಂಟೆ ಕೊಡಿರಿ. ಕಲಿಕಾ ಲೈಸೆನ್ಸ್ ಪಡೆದ ಹುಡುಗನ ಪಕ್ಕದಲ್ಲಿ, ಹಿಂದೆ ಮುಂದೆ ಕೆಂಪು 'ಎಲ್' ಹಲಗೆ ಕಟ್ಟಿ, ಖಾಲಿ ರಸ್ತೆಯಲ್ಲಿ ಕುಳಿತುಕೊಳ್ಳಿರಿ. ತಪ್ಪಿದರೆ ಗಾಡಿ ನಿಲ್ಲಿಸಿ, ಕಾರಣ ಹೇಳಿರಿ. ಹೆದರಿದ ಕಾಲು ಯಾವ ಪೆಡಲನ್ನೂ ಸರಿಯಾಗಿ ತುಳಿಯದು.