ಕೋಲಾರಕ್ಕೆ ಎರಡೇ ಹಂತ ಸಾಕೇ?

ಬೆಂಗಳೂರು ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತಿ ತಂದು, ಸೋಸಿ, ಕ್ಲೋರಿನ್ ಹಾಕಿ ಕುಡಿಯುತ್ತದೆ. ಕುಡಿದು, ತೊಳೆದು ಚರಂಡಿಗೆ ಬಿಟ್ಟದ್ದನ್ನು 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದೆ. ಈ ಕೆ.ಸಿ. ವ್ಯಾಲಿ ಯೋಜನೆ ಹೊರಟದ್ದೇ ಎರಡು ಹಂತದ ಶುದ್ಧೀಕರಣವನ್ನು ನೆಚ್ಚಿಕೊಂಡು: ಗಸಿ ಇಳಿಸುವುದು, ಉಳಿದ ಹೊಲಸನ್ನು ಬ್ಯಾಕ್ಟೀರಿಯಾಗಳಿಗೆ ತಿನ್ನಿಸುವುದು. ಭಾರಲೋಹ, ಔಷಧಿಗಳ ಶೇಷ ಇವನ್ನೆಲ್ಲ ಪೂರ್ತಿ ಹಿಡಿಯುವ ಶಕ್ತಿ ಇದಕ್ಕಿಲ್ಲ. ಮೂರನೇ ಹಂತ ಬೇಕೆಂದು ಜನ ಬೀದಿಗಿಳಿದರು, ಕೋರ್ಟಿಗೂ ಹೋದರು. ಮೊದಲ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಹೈಕೋರ್ಟು ತಡೆ ಕೊಟ್ಟಿತು. ಆಮೇಲೆ ನೀರು ಮತ್ತೆ ಹರಿಯಿತು.

ಕೆರೆ ತುಂಬಿದ್ದು ಸುಳ್ಳಲ್ಲ. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂತು, ಟೊಮೆಟೊ ಬೆಳೆದವರು ಉಸಿರಾಡಿದರು. ನೀರಿಲ್ಲದ ಬವಣೆಯನ್ನೇ ಗುರಾಣಿ ಮಾಡಿಕೊಂಡು ಸರ್ಕಾರ ಹೇಳುತ್ತದೆ: ಇದು ಕುಡಿಯಲಿಕ್ಕಲ್ಲ, ಅಂತರ್ಜಲ ಹೆಚ್ಚಿಸಲಿಕ್ಕೆ. ಸ್ವಾಮಿ, ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆಯಲ್ಲಿ ಜನ ಕುಡಿಯುವುದು ಅಂತರ್ಜಲವನ್ನಲ್ಲದೆ ಇನ್ನೇನನ್ನು? ಕೆರೆಯಂಗಳದಲ್ಲಿ ಇಂಗಿದ್ದು ಊರ ಬೋರ್‌ವೆಲ್ಲಿಗೇ ಇಳಿಯುತ್ತದೆ.

ಆ ಬೋರ್‌ವೆಲ್ಲಿಗೆ ಮೊದಲೇ ಫ್ಲೋರೈಡಿನ ಕಾಟ. ಸಾವಿರಾರು ಅಡಿ ಕೊರೆದ ಪಾಪಕ್ಕೆ ಮಕ್ಕಳ ಹಲ್ಲು ಕಂದುಗಟ್ಟಿವೆ, ಮುದುಕರ ಮಂಡಿ ಮಡಚುವುದಿಲ್ಲ. ಮದ್ದೆಂದು ಊರೂರಿಗೆ ಫಿಲ್ಟರ್ ಘಟಕ ಕೊಟ್ಟರು. ಕಾಸು ಹಾಕಿದರೆ ಕ್ಯಾನು ತುಂಬುತ್ತದೆ, ಹಿಡಿದ ಫ್ಲೋರೈಡು ಇನ್ನೂ ಗಟ್ಟಿಯಾಗಿ ಹಿಂದಿನ ಚರಂಡಿಗೆ ಹೋಗಿ ಅದೇ ಮಣ್ಣಿಗೆ ಸೇರುತ್ತದೆ. ಕಾಸಿಲ್ಲದವರು, ದನಕರುಗಳು, ಘಟಕ ಕೆಟ್ಟು ನಿಂತ ಊರಿನವರು ಕುಡಿಯುವುದು ಹಳೆಯ ನೀರನ್ನೇ.

ಕೊಳಚೆಯನ್ನು ಕುಡಿಯುವ ನೀರಾಗಿಸಲು ಆಗದೆಂದು ಯಾರೂ ಹೇಳಬೇಡಿ. ಕೋಲಾರಕ್ಕಿಂತ ಕಡಿಮೆ ಮಳೆ ಬೀಳುವ ನಮೀಬಿಯಾದ ವಿಂಡ್‌ಹೋಕ್ ನಗರ 1968ರಿಂದ ಆ ಕೆಲಸ ಮಾಡುತ್ತಿದೆ. ಕಾರ್ಖಾನೆಯ ನೀರನ್ನು ಮನೆಯ ಕೊಳಚೆಯೊಂದಿಗೆ ಬೆರೆಯಲು ಅಲ್ಲಿ ಬಿಡುವುದಿಲ್ಲ. ಓಜೋನ್, ಇದ್ದಿಲು, ಸೂಕ್ಷ್ಮ ಪೊರೆ ಎಲ್ಲವನ್ನೂ ದಾಟಿಸಿ, ಮತ್ತೆ ಮತ್ತೆ ಪರೀಕ್ಷಿಸಿ, ತನ್ನದೇ ನಲ್ಲಿಗಳಿಗೆ ಬಿಡುತ್ತದೆ. ಆ ನಗರ ತನ್ನ ಕೊಳಚೆಯನ್ನು ತಾನೇ ಕುಡಿಯುತ್ತದೆ, ಅದಕ್ಕೇ ಅಷ್ಟು ಎಚ್ಚರ. ಬೆಂಗಳೂರಿನ ಕೊಳಚೆ ಬೇರೆಯವರ ಬಿಂದಿಗೆಗೆ ಹೋಗುತ್ತದೆ, ಅದಕ್ಕೇ ಇಲ್ಲಿ ಮೂರನೇ ಹಂತ ದುಬಾರಿಯಾಗಿ ಕಾಣುತ್ತದೆ.

ನಮಗೆ ದಾನ ಬೇಡ. ಕೋಲಾರದ ಕೆರೆಗೆ ಬಿಡುವ ನೀರನ್ನು ವಿಧಾನಸೌಧದ ನಲ್ಲಿಗೆ ಬಿಡುವಷ್ಟು ಶುದ್ಧ ಮಾಡಿ. ಕೆರೆಯ ನೀರು, ಪಕ್ಕದ ಬೋರ್‌ವೆಲ್ ನೀರು ಎರಡರ ಪರೀಕ್ಷೆಯ ವರದಿಯನ್ನೂ ಪ್ರತಿ ತಿಂಗಳು ಪಂಚಾಯಿತಿ ಗೋಡೆಗೆ ಅಂಟಿಸಿ, ಕನ್ನಡದಲ್ಲಿ.