ಗದ್ದುಗೆಗೊಂದು ಗಡುವು

1915ರಲ್ಲಿ ಗಣಿ ಇಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಕಂಡಾಗ ನಮ್ಮ ರಾಯಚೂರು ಸೀಮೆಯ ದೊರೆ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಸಣ್ಣವರೂ ಧರ್ಮದಿಂದ ಎತ್ತರ ಮುಟ್ಟಬಹುದು ಎನ್ನುತ್ತದೆ ಆ ಬಂಡೆಗಲ್ಲು. ಆದರೆ 1911ರಲ್ಲಿ ಪಟ್ಟವೇರಿದ ನಿಜಾಮರ ಆಳ್ವಿಕೆ ಕೊನೆಗಾಣಿಸಲು 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯವೇ ಬರಬೇಕಾಯಿತು. ಸಂವಿಧಾನ ಜಾರಿಯಾದ ಮೇಲೂ ಹೈದರಾಬಾದ್ ರಾಜ್ಯಕ್ಕೆ ರಾಜಪ್ರಮುಖರಾದವರು, ಅಂದರೆ ರಾಜ್ಯದ ಮುಖ್ಯಸ್ಥರಾದವರು, ಅವರೇ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆಗ ರಾಜ್ಯಪಾಲರಾದ ಜಯಚಾಮರಾಜ ಒಡೆಯರೂ ಅರಸರೇ, 1964ರವರೆಗೆ ಇದ್ದರು. ಒಡೆಯರ್ ದೊಡ್ಡ ವಿದ್ವಾಂಸರು, ಅದರಲ್ಲಿ ಎರಡು ಮಾತಿಲ್ಲ. ಆದರೂ ಸಿಂಧನೂರು, ಲಿಂಗಸೂಗೂರಿನ ಒಂದು ತಲೆಮಾರು ರಾಜ್ಯದ ಮುಖ್ಯಸ್ಥರ ಜಾಗದಲ್ಲಿ ಅರಮನೆಯವರನ್ನಷ್ಟೇ ಕಂಡಿತು.

ಇಂದು ಇದೇ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗೆ ಹೋದರೆ ಗೋಡೆಯ ಮೇಲೆ ಅಧ್ಯಕ್ಷರ ಹೆಸರಿನ ಫಲಕ ಕಾಣುತ್ತದೆ. ಒಬ್ಬೊಬ್ಬರ ಹೆಸರಿನ ಮುಂದೆಯೂ ಬಂದ ದಿನ, ಹೋದ ದಿನ. ಅವಧಿ ಮೂವತ್ತು ತಿಂಗಳು. ಮೀಸಲಾತಿ ಸರದಿಯಂತೆ ಬದಲಾಗುವುದರಿಂದ ಮುಂದಿನ ಸಲ ಆ ಕುರ್ಚಿ ಬೇರೊಬ್ಬರದು. ಕೂಲಿಗೆ ಹೋಗುವ ಹೆಣ್ಣುಮಕ್ಕಳೂ ಅಲ್ಲಿ ಕೂತಿದ್ದಾರೆ. ಗಡುವು ಇರದಿದ್ದರೆ ಊರಗೌಡರು ಆ ಜಾಗ ಬಿಟ್ಟುಕೊಡುತ್ತಿದ್ದರೆಂದು ನನಗನ್ನಿಸುವುದಿಲ್ಲ.

ರಾಷ್ಟ್ರಪತಿಗೆ ಮಾತ್ರ ಇಂಥ ಕಟ್ಟಿಲ್ಲ. ಅವಧಿ ಐದು ವರ್ಷ ನಿಜ, ಆದರೆ ಸಂವಿಧಾನದ 57ನೇ ವಿಧಿಯ ಪ್ರಕಾರ ಎಷ್ಟು ಸಲ ಬೇಕಾದರೂ ಸ್ಪರ್ಧಿಸಬಹುದು. 1952 ಮತ್ತು 1957ರಲ್ಲಿ ಗೆದ್ದ ರಾಜೇಂದ್ರ ಪ್ರಸಾದರ ನಂತರ ಯಾರೂ ಎರಡನೇ ಸಲ ಆಯ್ಕೆಯಾಗಿಲ್ಲ. ಇದು ಬರಿ ರೂಢಿ. ರೂಢಿ ಮುರಿಯಲು ಹೊತ್ತು ಬೇಕಿಲ್ಲ: ಅಮೆರಿಕದಲ್ಲಿ ವಾಷಿಂಗ್ಟನ್ ಹಾಕಿಕೊಟ್ಟ ಎರಡು ಅವಧಿಯ ಪದ್ಧತಿಯನ್ನು ರೂಸ್‌ವೆಲ್ಟ್ 1940ರಲ್ಲಿ ಮೀರಿದರು; 1951ರಲ್ಲಿ ಅದನ್ನು ಕಾನೂನಾಗಿಯೇ ಬರೆಯಬೇಕಾಯಿತು. ಚೀನಾ ಸಂವಿಧಾನದಲ್ಲಿ ಬರೆದಿದ್ದ ಎರಡು ಅವಧಿಯ ಮಿತಿಯನ್ನೂ 2018ರಲ್ಲಿ ಅಳಿಸಿತು.

ರಾಷ್ಟ್ರಪತಿ ಹುದ್ದೆ ಬರಿ ಅಲಂಕಾರದ್ದು, ಅದಕ್ಕೇಕೆ ಮಿತಿ ಎನ್ನುವವರು 1975ರ ಜೂನ್ 25ರ ರಾತ್ರಿಯನ್ನು ನೆನೆಯಲಿ. ತುರ್ತು ಪರಿಸ್ಥಿತಿ ಜಾರಿಯಾದದ್ದು ರಾಷ್ಟ್ರಪತಿಯ ಒಂದು ಸಹಿಯಿಂದ. ಅವರನ್ನು ಆರಿಸುವವರು ಸಂಸದರು, ಶಾಸಕರು. ನಮ್ಮ ಸಿಂಧನೂರು, ಮಸ್ಕಿ, ಲಿಂಗಸೂಗೂರು ಕ್ಷೇತ್ರಗಳ ಶಾಸಕರಿಗೆ ಆ ಚುನಾವಣೆಯಲ್ಲಿ ತಲಾ 131 ಮೌಲ್ಯದ ಮತವಿದೆ. ಮತ್ತೊಮ್ಮೆ ಆ ಮತಗಳು ಬೇಕೆನ್ನುವವರು ಆಳುವ ಪಕ್ಷ ಕಳಿಸಿದ ಕಾಗದವನ್ನು ಹಿಂದಕ್ಕೆ ಕಳಿಸುವುದು ಕಷ್ಟ. ಹಾಗಾಗಿ ಎರಡಲ್ಲ, ಒಂದೇ ಅವಧಿ ಸಾಕು.

57ನೇ ವಿಧಿಯನ್ನು ತಿದ್ದಬೇಕಾದದ್ದು ಸಂಸತ್ತು. ಸಿಂಧನೂರು, ಮಸ್ಕಿಯ ಓದುಗರು ಕೊಪ್ಪಳದ ಸಂಸದರನ್ನೂ, ಲಿಂಗಸೂಗೂರಿನವರು ರಾಯಚೂರಿನ ಸಂಸದರನ್ನೂ ಈ ಬಗ್ಗೆ ಕೇಳಬೇಕೆಂದು ವಿನಂತಿ.