ಒಂದು ಎಕರೆಗೆ ಒಂದು ಎಲ್‌ಎಲ್‌ಎಂ!

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕಾನೂನು ಓದುತ್ತಿರುವ ಗೆಳೆಯರೇ, ಈ ಮಾತು ನಿಮಗೆ. ಉಳಿದವರೂ ಓದಬಹುದು, ನಷ್ಟವೇನಿಲ್ಲ.

ಎಲ್‌ಎಲ್‌ಬಿ ಕೊನೇ ವರ್ಷಕ್ಕೆ ಬರುತ್ತಿದ್ದಂತೆ ನಿಮ್ಮ ಕಿವಿಯಲ್ಲಿ ಒಬ್ಬ ಏಜೆಂಟ್ ಊದುತ್ತಾನೆ. ‘ಲಂಡನ್ನಿಗೆ ಹೋಗಿ ಎಲ್‌ಎಲ್‌ಎಂ ಮಾಡ್ಕೊಂಡು ಬನ್ನಿ ಸಾರ್, ಒಂದೇ ವರ್ಷ, ಆಮೇಲೆ ನಿಮ್ಮ ಲೆವೆಲ್ಲೇ ಬೇರೆ.’ ಸರಿ, ಆ ಲೆವೆಲ್ಲಿನ ರೇಟು ಎಷ್ಟು? ಫೀಸು, ಕೋಣೆ ಬಾಡಿಗೆ, ಊಟ, ವಿಮಾನ ಎಲ್ಲಾ ಕೂಡಿಸಿದರೆ ಇಂಗ್ಲೆಂಡಿನಲ್ಲಿ ಸುಮಾರು 40 ಲಕ್ಷ. ಅಮೆರಿಕದ ದೊಡ್ಡ ಹೆಸರಿನ ವಿಶ್ವವಿದ್ಯಾಲಯವಾದರೆ ಕೋಟಿ ಮುಟ್ಟುತ್ತದೆ.

ಈ 40 ಲಕ್ಷದ ಅಂಕಿ ನಿಮ್ಮ ಅಪ್ಪನಿಗೆ ಹೊಸದಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಹಿನ್ನೀರಿಗೆ ಭೂಮಿ ಬಿಡುವ ರೈತರಿಗೆ ದರ ಗೊತ್ತುಮಾಡಿತು. ನೀರಾವರಿ ಹೊಲವಾದರೆ ಎಕರೆಗೆ 40 ಲಕ್ಷ, ಒಣ ಹೊಲವಾದರೆ 30 ಲಕ್ಷ. ಅಂದರೆ ಒಂದು ಎಕರೆಗೆ ಒಂದು ಎಲ್‌ಎಲ್‌ಎಂ! ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟು ಕೈಗೆ ಬಂದ ದುಡ್ಡನ್ನು ಎರಡನೇ ಸಲ ಥೇಮ್ಸ್ ನದಿಗೆ ಬಿಡುವ ಮುಂಚೆ ಸ್ವಲ್ಪ ಲೆಕ್ಕ ಹಾಕೋಣ.

ವಕೀಲಿ ಮಾಡಲು ಎಲ್‌ಎಲ್‌ಎಂ ಬೇಕಾಗೇ ಇಲ್ಲ. 1961ರ ವಕೀಲರ ಕಾಯ್ದೆ ಕೇಳುವುದು ಮಾನ್ಯತೆ ಇರುವ ಎಲ್‌ಎಲ್‌ಬಿಯನ್ನು. ಸನದು ತಗೊಂಡು ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾದರೆ ಮುಗಿಯಿತು. ಜಡ್ಜ್ ಆಗುತ್ತೀರಾ? ಕರ್ನಾಟಕದ ಸಿವಿಲ್ ಜಡ್ಜ್ ಪರೀಕ್ಷೆಗೂ ಎಲ್‌ಎಲ್‌ಎಂ ಬೇಕಿಲ್ಲ. ಅಲ್ಲಿ ಭಾಷಾಂತರದ ಪೇಪರ್ ಒಂದಿದೆ, ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ. ಲಂಡನ್ನಿನಿಂದ ಬಂದ ಸಾಹೇಬರು ಅಲ್ಲಿ ತಡವರಿಸಿದರೆ ಮನೆಗೇ ದಾರಿ. ಮೇಷ್ಟ್ರಾಗುವವರಿಗೆ ಎಲ್‌ಎಲ್‌ಎಂ ಬೇಕು, ನಿಜ. ಆದರೆ 2021ರ ಜನವರಿಯಲ್ಲಿ ಬಾರ್ ಕೌನ್ಸಿಲ್ ಹೊರಡಿಸಿದ ನಿಯಮ ವಿದೇಶದ ಒಂದು ವರ್ಷದ ಎಲ್‌ಎಲ್‌ಎಂ ಇಲ್ಲಿಯದಕ್ಕೆ ಸಮವಲ್ಲ ಎಂದಿತು, ಜಗಳ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಹಣ ಕಟ್ಟುವ ಮುಂಚೆ ಸಮಾನತೆಯ ಪತ್ರದ ಬಗ್ಗೆ ವಿಚಾರಿಸಿ, ಕಟ್ಟಿದ ಮೇಲಲ್ಲ. ಇನ್ನೂ ತಮಾಷೆಯೆಂದರೆ, 2021ರಿಂದ ಇಂಗ್ಲೆಂಡಿನಲ್ಲೇ ಸಾಲಿಸಿಟರ್ ಆಗುವ ಹೊಸ ಪರೀಕ್ಷೆ ಬಂದಿದೆ. ಅದಕ್ಕೂ ಎಲ್‌ಎಲ್‌ಎಂ ಬೇಡ! ಏಜೆಂಟ್ ಇದನ್ನು ಹೇಳಿದನೇ?

ಇನ್ನು ಊರಿನ ಕೋರ್ಟಿಗೆ ಬನ್ನಿ. ಸಿಂದಗಿಯಲ್ಲಾಗಲಿ ಇಂಡಿಯಲ್ಲಾಗಲಿ ಬರುವ ಕೇಸುಗಳು ಯಾವುವು? ಅಣ್ಣತಮ್ಮಂದಿರ ವಾಟ್ನಿ, ಬಾಂದಿನ ತಕರಾರು, ಚೆಕ್ ಬೌನ್ಸು, ಅಪಘಾತದ ಪರಿಹಾರ, ಜೀವನಾಂಶ. ಜೊತೆಗೆ ಭೂಸ್ವಾಧೀನ. ಕಕ್ಷಿದಾರ ಚೀಲದಲ್ಲಿ ಉತಾರ ಹಿಡಿದುಕೊಂಡು ಬಂದು ಕೇಳುವುದು ಒಂದೇ ಮಾತು: ‘ತಾರೀಖಿಗೆ ವಕೀಲ್ ಸಾಹೇಬ್ರು ಇರ್ತಾರಿಲ್ರಿ?’ ಗೋಡೆ ಮೇಲಿನ ಸರ್ಟಿಫಿಕೇಟು ಅವನಿಗೆ ಕಾಣುವುದಿಲ್ಲ. ‘ಹಿಂಗಾರಿ ಜ್ವಾಳ ಬಿತ್ತಿದ್ದು ನಾನಽ ರಿ’ ಎಂದು ಕಟಕಟೆಯಲ್ಲಿ ನಿಂತು ಸುಳ್ಳು ಹೇಳುವ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಹಿಡಿಯಬೇಕಾದರೆ ಆ ವರ್ಷ ಆ ಎರೆಹೊಲದಲ್ಲಿ ಏನು ಬೆಳೆಯಿತು, ಉತಾರದಲ್ಲಿ ಯಾವ ಬೆಳೆ ಬರೆದಿದೆ ಅನ್ನುವುದು ಗೊತ್ತಿರಬೇಕು. ಆ ಪಾಠ ಯಾವ ಕ್ಯಾಂಪಸ್ಸಿನಲ್ಲೂ ಇಲ್ಲ. ಹಿರಿಯ ವಕೀಲರ ಫೈಲು ಹೊತ್ತು ಕಲಿಯಬೇಕು.

ಆ ಫೈಲು ಹೊರುವ ಜೂನಿಯರ್‌ಗೆ ಎಷ್ಟು ಸಿಗುತ್ತದೆ? 2024ರಲ್ಲಿ ಬಾರ್ ಕೌನ್ಸಿಲ್ ತಿಂಗಳಿಗೆ ನಗರದಲ್ಲಿ 20 ಸಾವಿರ, ಹಳ್ಳಿ ಕಡೆ 15 ಸಾವಿರ ಕೊಡಿ ಎಂದಿತು. ಅದು ಬರೀ ಶಿಫಾರಸು. ಇತ್ತ 40 ಲಕ್ಷ ಸಾಲಕ್ಕೆ ಶೇ. 11ರಂತೆ ತಿಂಗಳ ಬಡ್ಡಿಯೇ 36 ಸಾವಿರ ದಾಟುತ್ತದೆ. ಅಸಲಿನ ಮಾತು ಬಿಡಿ.

ನಮ್ಮ ಕಡೆಯ ವಕೀಲರಿಗೆ ನಿಜಕ್ಕೂ ಬಲ ತಂದದ್ದು ಯಾವುದು ಗೊತ್ತೇ? ಕಲಬುರಗಿಯ ಹೈಕೋರ್ಟ್ ಪೀಠ. 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ಬಂತು, 2013ರಲ್ಲಿ ಕಾಯಂ ಆಯಿತು. ಅಲ್ಲಿಯವರೆಗೆ ಮುದ್ದೇಬಿಹಾಳದ ಅಪೀಲು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು, ಕಟ್ಟು ಬೆಂಗಳೂರಿನವರ ಕೈ ಸೇರುತ್ತಿತ್ತು. ಈಗ ತಾಲ್ಲೂಕಿನಲ್ಲಿ ಕೇಸು ನಡೆಸಿದ ಹುಡುಗನೇ ಅಪೀಲನ್ನೂ ನಡೆಸಬಹುದು.

ಹಳೇ ಲೆಕ್ಕವನ್ನೂ ನೋಡಿ. ಫ.ಗು. ಹಳಕಟ್ಟಿಯವರು 1904ರಲ್ಲಿ ಮುಂಬಯಿಯ ಎಲ್‌ಎಲ್‌ಬಿ ಪಡೆದು ವಿಜಯಪುರದಲ್ಲಿ ವಕೀಲಿ ಮಾಡಿದರು, ಸರ್ಕಾರಿ ವಕೀಲರೂ ಆದರು. ವಿದೇಶದ ಡಿಗ್ರಿ ಇರಲಿಲ್ಲ. (ಅವರೂ ಆಸ್ತಿ ಮಾರಿದರು, ಮನೆಯನ್ನೇ ಮಾರಿದರು. ಆದರೆ ವಚನಗಳನ್ನು ಅಚ್ಚು ಹಾಕುವ ಮುದ್ರಣಾಲಯಕ್ಕೆ!) ಕಾವೇರಿ, ಕೃಷ್ಣಾ ವಿವಾದಗಳಲ್ಲಿ ದಶಕಗಳ ಕಾಲ ಕರ್ನಾಟಕದ ಪರ ನಿಂತ ಫಾಲಿ ನಾರಿಮನ್ ಓದಿದ್ದು ಮುಂಬಯಿಯ ಸರ್ಕಾರಿ ಲಾ ಕಾಲೇಜಿನಲ್ಲಿ. ಮಗ ರೋಹಿಂಟನ್ ಹಾರ್ವರ್ಡಿನಲ್ಲಿ ಎಲ್‌ಎಲ್‌ಎಂ ಮಾಡಿ ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಆದರೆ ಅಂಥ ಅಪ್ಪ ಎಲ್ಲರಿಗೂ ಇರುವುದಿಲ್ಲವಲ್ಲ! ಬಾಬಾಸಾಹೇಬರನ್ನೇ ನೋಡಿ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ 1923ರಲ್ಲಿ ಮುಂಬಯಿಗೆ ಬಂದರೆ ಜಾತಿಯ ಕಾರಣಕ್ಕೆ ಸಾಲಿಸಿಟರುಗಳು ಕೇಸು ಕೊಡಲಿಲ್ಲ, ಸಂಸಾರಕ್ಕಾಗಿ ಪಾಠ ಹೇಳಬೇಕಾಯಿತು. ಅವರ ಕೈಹಿಡಿದದ್ದು ಅಲ್ಲಿ ಕಲಿತ ವಿದ್ಯೆ, ಬೋರ್ಡಿನ ಮೇಲಿನ ಬಿರುದಲ್ಲ. 1913ರಲ್ಲಿ ಮೊದಲ ಸಲ ಹೊರಟಾಗ ಖರ್ಚು ಕೊಟ್ಟದ್ದು ಬರೋಡಾ ಮಹಾರಾಜರು.

ಹಾಗಾದರೆ ಹೋಗಲೇಬಾರದೇ? ಹಾಗಂದವರು ಯಾರು! ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೆ ಅದು ನಡೆಯುವುದು ಭಾರತದೊಳಗೆ ಮಾತ್ರ. ಬ್ರಿಟನ್ನಿನಲ್ಲೋ ಯುರೋಪಿನಲ್ಲೋ ಆ ಹೆಸರನ್ನು ಕಾಯಬೇಕಾದರೆ ಅಲ್ಲಿ ಬೇರೆಯೇ ನೋಂದಣಿ ಮಾಡಿಸಬೇಕು. ಆ ಕಾನೂನು ಕಲಿತು ಬಂದು ಬೆಳೆಗಾರರ ಪರ ಕೂರುವ ಇಂಡಿಯ ಹುಡುಗಿಯೊಬ್ಬಳು ಬೇಕೇ ಬೇಕು. ಆಲಮಟ್ಟಿಯ ಎತ್ತರದ ಕಥೆಯೂ ಹಾಗೇ. 2000ದಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರ್ ಅಂದಿತು, 2010ರಲ್ಲಿ ಎರಡನೇ ನ್ಯಾಯಮಂಡಳಿ 524.256 ಅಂದಿತು, ಜಗಳ ಇನ್ನೂ ಮುಗಿದಿಲ್ಲ. ಅಂತರರಾಜ್ಯ ಜಲವಿವಾದ, ದೇಶದೇಶಗಳ ನಡುವಿನ ವ್ಯಾಪಾರದ ಮಧ್ಯಸ್ಥಿಕೆ, ಪೇಟೆಂಟು... ಇಂಥ ಒಂದು ವಿಷಯ ತಲೆಯಲ್ಲಿ ಕೂತಿದ್ದರೆ ಹೊರಡಿ. ‘ಸುಮ್ನೆ ಒಂದ್ ಡಿಗ್ರಿ ಇರ್ಲಿ’ ಅಂತಾದರೆ ಬೇಡ.

ಹೊರಟರೂ ಅಪ್ಪನ ಹೊಲದ ಮೇಲೆ ಬೇಡ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆ. ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಭೂಹೀನ ಕೂಲಿಗಳ ಮಕ್ಕಳಿಗೂ ಜಾಗ ಇದೆ. ಬ್ರಿಟಿಷ್ ಸರ್ಕಾರದ ಚೆವ್ನಿಂಗ್ ಪೂರ್ತಿ ಖರ್ಚು ಕೊಡುತ್ತದೆ, ಜಾತಿ ವರಮಾನ ಕೇಳುವುದಿಲ್ಲ. ಅದು ಕೇಳುವುದು ಪದವಿಯ ಜೊತೆಗೆ ಎರಡು ವರ್ಷದ ಕೆಲಸದ ಅನುಭವ. ಆ ಎರಡು ವರ್ಷವನ್ನು ನೀವು ಬಸವನ ಬಾಗೇವಾಡಿಯ ಕೋರ್ಟಿನಲ್ಲಿ ಕಳೆದಿದ್ದರೂ ಲೆಕ್ಕಕ್ಕೆ ಬರುತ್ತದೆ.